ಇನ್ನೇನು ಬಂತು ಅನ್ನುವ ಪ್ರಶ್ನೆ

2025ರ ಜನವರಿಯ ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಆಗ ಎರಡನೇ ಪಿಯುಸಿ, ಸೈನ್ಸ್. ಮನೆಯಲ್ಲಿ ಜೋರಾಗಿ ಮಾತಾಡುವಂತಿಲ್ಲ, ಟಿವಿ ಹಾಕುವಂತಿಲ್ಲ, ಕುಕ್ಕರ್ ಕೂಗಿದರೂ ಅಕ್ಕ ಓಡಿಹೋಗಿ ಒಲೆ ಸಣ್ಣ ಮಾಡುತ್ತಿದ್ದಳು. ಪುಟ್ಟಿ ರೂಮಿನ ಬಾಗಿಲು ಹಾಕಿಕೊಂಡು ಸಿಇಟಿಯ ಹಳೇ ಗಣಿತ ಪೇಪರ್ ಮಾಡುತ್ತಿದ್ದಳು. ಮೊಬೈಲಿನಲ್ಲಿ 70 ನಿಮಿಷಕ್ಕೆ ಟೈಮರ್ ಇಟ್ಟಿದ್ದಳು. ಅದು ಹೊಡೆದುಕೊಂಡ ಮೇಲೆ ಸ್ವಲ್ಪ ಹೊತ್ತು ಒಳಗಿಂದ ಸದ್ದೇ ಇಲ್ಲ. ಆಮೇಲೆ ಬಾಗಿಲು ತೆಗೆದು ಬಂದು ನನ್ನ ಪಕ್ಕ ಕೂತಳು. ಕಣ್ಣು ಕೆಂಪಾಗಿತ್ತು. "ಚಿಕ್ಕಿ, ಗೊತ್ತಿರೋದನ್ನ ಮಾಡೋಕೇ ಟೈಮ್ ಸಾಕಾಗ್ತಿಲ್ಲ" ಅಂದಳು.

ಇಬ್ಬರೂ ಕೂತು ಉತ್ತರ ತಾಳೆ ನೋಡಿದೆವು. 60 ಪ್ರಶ್ನೆಯಲ್ಲಿ 42 ಮಾಡಿದ್ದಳು. ಅದರಲ್ಲಿ 38 ಸರಿ. ಉಳಿದ 18 ಪ್ರಶ್ನೆ ಮುಟ್ಟೇ ಇರಲಿಲ್ಲ. ಊಟ ಆದ ಮೇಲೆ, ಟೈಮರ್ ಇಲ್ಲದೆ ಆ 18ನ್ನೂ ಸುಮ್ನೆ ಮಾಡು ನೋಡೋಣ ಅಂದೆ. ನಿಧಾನವಾಗಿ, ನಡುವೆ ಒಂದು ಲೋಟ ಕಾಫಿ ಕುಡಿದು ಮಾಡಿದಳು. 15 ಸರಿ ಬಂತು. ಅಂದರೆ ಆ ಪೇಪರಿನಲ್ಲಿ 53 ಪ್ರಶ್ನೆ ಅವಳಿಗೆ ಗೊತ್ತಿತ್ತು. ಕೈಗೆ ಸಿಕ್ಕಿದ್ದು 38.

ಆ ಲೆಕ್ಕ ನನ್ನ ತಲೆಯಿಂದ ಹೋಗಲೇ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲೂ ಅದೇ. ಯಾಕೆಂದರೆ ಅವಳು ಹೇಳಿದ ಮಾತನ್ನೇ 2009ರಲ್ಲಿ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಮ್ಮ ಅಪ್ಪನಿಗೆ ನಾನು ಹೇಳಿದ್ದೆ. ಹೆಚ್ಚುಕಮ್ಮಿ ಅವೇ ಪದಗಳು. ಅಪ್ಪ ಏನೂ ಹೇಳಲಿಲ್ಲ, ಕಬ್ಬಿನ ಹಾಲು ಕೊಡಿಸಿದರು. ಹದಿನಾರು ವರ್ಷ ಆದರೂ ಅದಕ್ಕೆ ಸರಿಯಾದ ಉತ್ತರ ಏನು ಅಂತ ನಾನು ಕೂತು ಯೋಚನೆ ಮಾಡಿರಲಿಲ್ಲ. ಈಗ ಮಾಡಲೇಬೇಕಾಯಿತು.

ಮೂರನೇ ಬೆಲ್

ಸಿಇಟಿ ಬರೆದವರಿಗೆಲ್ಲ ಆ ಬೆಲ್‌ಗಳು ನೆನಪಿರುತ್ತವೆ. ಒಂದು ವಿಷಯಕ್ಕೆ 80 ನಿಮಿಷ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಾನು ಬರೆದಾಗ ಪೇಪರಿನ ಮುಖಪುಟದಲ್ಲಿ ಇನ್ನೊಂದು ಸಾಲೂ ಇರುತ್ತಿತ್ತು: ಉತ್ತರಿಸಲು ಹೆಚ್ಚೆಂದರೆ 70 ನಿಮಿಷ. ಬೆಳಿಗ್ಗೆ 10.30ಕ್ಕೆ ಎರಡನೇ ಬೆಲ್ ಆದ ಮೇಲೆ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ, ಆದರೆ ಅದರ ಸೀಲ್ ಒಡೆಯುವಂತಿಲ್ಲ. 10.40ಕ್ಕೆ ಮೂರನೇ ಬೆಲ್ ಹೊಡೆದ ಮೇಲೇ ತೆರೆಯಬೇಕು. 11.50ಕ್ಕೆ ಕೊನೇ ಬೆಲ್. ಎರಡನೇ, ಮೂರನೇ ಬೆಲ್ ನಡುವಿನ ಆ ಹತ್ತು ನಿಮಿಷ ಹೆಸರು, ನಂಬರ್, ವರ್ಷನ್ ಕೋಡ್ ತುಂಬುವುದಕ್ಕೆ. ಸೀಲ್ ಮಾಡಿದ ಪೇಪರ್ ಮುಂದಿಟ್ಟುಕೊಂಡು ಕೂತ ಆ ಹೊತ್ತು ಎಷ್ಟು ಉದ್ದ ಅನ್ನುವುದು ಕೂತವರಿಗೇ ಗೊತ್ತು.

70 ನಿಮಿಷ, 60 ಪ್ರಶ್ನೆ. ಒಂದಕ್ಕೆ 70 ಸೆಕೆಂಡ್ ಅಂತ ಬಾಯಲ್ಲಿ ಹೇಳುವುದು ಸುಲಭ. ಆದರೆ ಆ 70 ಸೆಕೆಂಡಿನಲ್ಲಿ ಪ್ರಶ್ನೆ ಓದಬೇಕು, ಲೆಕ್ಕ ಮಾಡಬೇಕು, ಓಎಂಆರ್ ಹಾಳೆಯಲ್ಲಿ ಸರಿಯಾದ ಸಾಲು ಹುಡುಕಿ ಗೋಲ ತುಂಬಬೇಕು. ಒಂದು ಗೋಲ ತುಂಬಲು ಐದು ಸೆಕೆಂಡ್ ಅಂದರೂ 60ಕ್ಕೆ ಐದು ನಿಮಿಷ ಹೋಯಿತು. ಇನ್ನು ಓದುವ ಹೊತ್ತು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಬಂದ ಮೇಲೆ ಒಮ್ಮೆಲೇ ಎಲ್ಲ ಇಂಗ್ಲಿಷ್. ವೇಗೋತ್ಕರ್ಷ ಅಂದರೆ ಆಕ್ಸಿಲರೇಶನ್ ಅಂತ ಮೊದಲ ತಿಂಗಳು ತಲೆಯೊಳಗೇ ಒಂದು ಪಟ್ಟಿ ಇಟ್ಟುಕೊಂಡಿದ್ದೆ. ಎರಡು ವರ್ಷದಲ್ಲಿ ಅದು ಅಭ್ಯಾಸ ಆಯಿತು, ಮಾರ್ಕ್ಸ್ ಕೂಡ ಚೆನ್ನಾಗಿ ಬರುತ್ತಿತ್ತು. ಆದರೆ ಉದ್ದದ ಪ್ರಶ್ನೆ ಬಂದರೆ ಎರಡು ಸಲ ಓದುತ್ತಿದ್ದೆ. ಮೊದಲ ಸಲ ಭಾಷೆಗೆ, ಎರಡನೇ ಸಲ ಅರ್ಥಕ್ಕೆ. 'ಕೆಳಗಿನವುಗಳಲ್ಲಿ ಯಾವುದು ಸರಿ ಅಲ್ಲ' ಅನ್ನುವ ಪ್ರಶ್ನೆಯಲ್ಲಿ ಆ 'ಅಲ್ಲ' ಅನ್ನುವುದು ಇಂಗ್ಲಿಷಿನಲ್ಲಿ ಸಾಲಿನ ನಡುವೆ ಎಲ್ಲೋ ಅಡಗಿರುತ್ತದೆ. ನಮಗೆ ಅದು ಕೊನೆಯಲ್ಲಿ ಬಂದು ಅಭ್ಯಾಸ. ಅದನ್ನು ನೋಡದೆ ಮೊದಲ ಆಯ್ಕೆಯನ್ನೇ ತುಂಬಿ ಕೆಟ್ಟ ಮಕ್ಕಳು ಎಷ್ಟು ಜನವೋ. ಈಗ ನೀಟ್ ಪೇಪರ್ ಕನ್ನಡದಲ್ಲೂ ಸಿಗುತ್ತದೆ, ಜೆಇಇ ಮೇನ್ ಕೂಡ 2021ರಿಂದ ಕನ್ನಡದಲ್ಲಿದೆ. ಒಳ್ಳೆಯದೇ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದ ಮಗು ಪರೀಕ್ಷೆ ದಿನ ಕನ್ನಡದ ಪಾರಿಭಾಷಿಕ ಪದ ನೋಡಿದರೆ ಅದಕ್ಕೂ ಅಷ್ಟೇ ಹೊತ್ತು ಬೇಕು. ಹಳ್ಳಿ ಶಾಲೆಯಿಂದ ಬಂದ ಮಕ್ಕಳಿಗೆ ಟೈಮ್ ಯಾಕೆ ಸಾಲುವುದಿಲ್ಲ ಅಂತ ಮಾತಾಡುವಾಗ ಈ ಓದುವ ಸೆಕೆಂಡುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಒಂಬತ್ತು ನಿಮಿಷ

ಮೊದಲ ದಿನ ಬೆಳಿಗ್ಗೆ ಬಯಾಲಜಿ, ಮಧ್ಯಾಹ್ನ ಮ್ಯಾಥ್ಸ್. ನಮ್ಮೂರು ಅರಸೀಕೆರೆ ಕಡೆ. ಬೆಳಿಗ್ಗೆ ಬಸ್ ಹಿಡಿದು ಬಂದರೆ ತಡ ಆಗಬಹುದು ಅಂತ ಹಿಂದಿನ ದಿನವೇ ಹಾಸನದಲ್ಲಿ ಸೋದರತ್ತೆ ಮನೆಗೆ ಬಂದು ಉಳಿದಿದ್ದೆವು. ಬಯಾಲಜಿ ಚೆನ್ನಾಗಿ ಹೋಯಿತು. ಮಧ್ಯಾಹ್ನ ಅತ್ತೆ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಸೆಂಟರಿನ ಮುಂದಿನ ಹೊಂಗೆ ಮರದ ಕೆಳಗೆ ಕೂತು ತಿಂದೆ. ಅಪ್ಪ ಪೇಪರ್ ಮಡಚಿ ಗಾಳಿ ಬೀಸುತ್ತಿದ್ದರು.

ಮ್ಯಾಥ್ಸ್ ಮೊದಲ ಇಪ್ಪತ್ತು ಪ್ರಶ್ನೆ ಸರಸರ ಹೋಯಿತು. ಆಮೇಲೆ ಬಂತು ಆ ಇಂಟಿಗ್ರೇಶನ್. ಮೇಲೆ ಎಕ್ಸ್ ಸೈನ್ ಎಕ್ಸ್, ಕೆಳಗೆ ಒನ್ ಪ್ಲಸ್ ಕಾಸ್ ಸ್ಕ್ವೇರ್ ಎಕ್ಸ್, ಸೊನ್ನೆಯಿಂದ ಪೈವರೆಗೆ. ಎರಡನೇ ಪಿಯುಸಿ ಸೈನ್ಸ್ ಓದಿದವರಿಗೆ ಇದರ ಮುಖ ನೋಡಿದ ಕೂಡಲೇ ಗುರುತು ಸಿಗುತ್ತದೆ. ನನಗೂ ಸಿಕ್ಕಿತು. ಅದನ್ನು ನೋಟ್‌ಬುಕ್ಕಿನಲ್ಲಿ ಮಾಡಿದ್ದೆ, ಬೋರ್ಡ್ ಪರೀಕ್ಷೆಗೆ ಬರಬಹುದು ಅಂತ ಮತ್ತೆ ಮತ್ತೆ ಮಾಡಿದ್ದೆ. ಎಕ್ಸ್ ಇದ್ದ ಕಡೆ ಪೈ ಮೈನಸ್ ಎಕ್ಸ್ ಹಾಕಬೇಕು, ಎರಡನ್ನೂ ಕೂಡಿಸಬೇಕು, ಎಕ್ಸ್ ಹೊರಟುಹೋಗುತ್ತದೆ. ಉತ್ತರದಲ್ಲಿ ಪೈ ಸ್ಕ್ವೇರ್ ಬರುತ್ತದೆ ಅನ್ನುವುದೂ ನೆನಪಿತ್ತು. ಆದರೆ ಬೈ ಟು ಆ, ಬೈ ಫೋರ್ ಆ? ಆಯ್ಕೆಯಲ್ಲಿ ಎರಡೂ ಇತ್ತು.

ಸರಿ, ಮಾಡಿಯೇ ಬಿಡೋಣ ಅಂತ ಕೂತೆ. ಮಾಡಿದೆ. ಕೊನೆಯಲ್ಲಿ ಸೊನ್ನೆ ಬಂತು. ಆಯ್ಕೆಗಳಲ್ಲಿ ಸೊನ್ನೆ ಇರಲಿಲ್ಲ. ಮತ್ತೆ ಮೊದಲಿಂದ ಮಾಡಿದೆ. ಮತ್ತೆ ಸೊನ್ನೆ. ಟ್ಯಾನ್ ಇನ್ವರ್ಸ್‌ನಲ್ಲಿ ಮೈನಸ್ ಒನ್ ಹಾಕುವಾಗ ಚಿಹ್ನೆ ತಪ್ಪುತ್ತಿತ್ತು, ಅಷ್ಟೇ. ಪೈ ಬೈ ಫೋರ್‌ಗೆ ಪೈ ಬೈ ಫೋರ್ ಕೂಡಿಸುವ ಕಡೆ ಕಳೆಯುತ್ತಿದ್ದೆ. ಮನೆಯಲ್ಲಿ ಯಾವತ್ತೂ ಆಗದ ತಪ್ಪು. ಇನ್ನೇನು ಬಂತು, ಇನ್ನೇನು ಬಂತು ಅಂತ ಮೂರನೇ ಸಲ ಶುರು ಮಾಡಿದೆ. ರಫ್ ವರ್ಕ್ ಜಾಗ ತುಂಬಿ ಹೋಗಿ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದೆ. ಮೂರನೇ ಸಲಕ್ಕೆ ಪೈ ಸ್ಕ್ವೇರ್ ಬೈ ಫೋರ್ ಬಂತು. ಗೋಲ ತುಂಬಿ ತಲೆ ಎತ್ತಿ ಗಡಿಯಾರ ನೋಡಿದೆ. ಒಂಬತ್ತು ನಿಮಿಷ ಹೋಗಿತ್ತು. ಹೆಚ್ಚುಕಮ್ಮಿ ಏಳೂಮುಕ್ಕಾಲು ಪ್ರಶ್ನೆಯ ಹೊತ್ತು. ಒಂದು ಮಾರ್ಕಿಗೆ.

ಆಮೇಲೆ ಆಗಿದ್ದು ಇನ್ನೂ ಕೆಟ್ಟದ್ದು. ಹೋದ ಹೊತ್ತನ್ನು ವಾಪಸ್ ತರಬೇಕು ಅಂತ ಓಡತೊಡಗಿದೆ. ಸುಲಭದ ವೆಕ್ಟರ್ ಪ್ರಶ್ನೆ ತಪ್ಪು ಮಾಡಿದೆ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವಳು ಓಎಂಆರ್‌ನಲ್ಲಿ ಸಾಲು ಬಿಡುವುದನ್ನು ಮರೆತೆ. ಮೂರು ಉತ್ತರ ಒಂದೊಂದು ಸಾಲು ಮೇಲೆ ಹೋಗಿ ಕೂತವು. ಪೆನ್ನಿನಲ್ಲಿ ತುಂಬಿದ ಗೋಲ ಅಳಿಸಲು ಬರುವುದಿಲ್ಲ, ಅಲ್ವಾ. ಕೊನೆಗೆ ನಾಲ್ಕು ನಿಮಿಷ ಇದ್ದಾಗ 11 ಪ್ರಶ್ನೆ ಬಾಕಿ ಇತ್ತು. ಸಿಇಟಿಯಲ್ಲಿ ತಪ್ಪಿಗೆ ಮಾರ್ಕ್ಸ್ ಕಳೆಯುವುದಿಲ್ಲವಾದ್ದರಿಂದ ಎಲ್ಲಕ್ಕೂ ಬಿ ತುಂಬಿದೆ. ತುಂಬುವಾಗ ಕಣ್ಣು ಹಾಗೇ ಪ್ರಶ್ನೆಗಳ ಮೇಲೆ ಹರಿಯಿತು. ಅದರಲ್ಲಿ ಪ್ರಾಬಬಿಲಿಟಿಯ ಒಂದು ಪ್ರಶ್ನೆ ಇತ್ತು, ಕಾಗದವೇ ಬೇಡ, ಬಾಯಲ್ಲೇ ಹೇಳಬಹುದಾದಷ್ಟು ಸುಲಭ. ಉತ್ತರ ಡಿ. ನಾನು ಬಿ ತುಂಬಿ ಆಗಿತ್ತು.

ಓಎಂಆರ್‌ನ ನಕಲು ಪ್ರತಿಯನ್ನು ನಮಗೇ ಕೊಡುತ್ತಿದ್ದರು, ಒಂದು ವರ್ಷ ಜೋಪಾನವಾಗಿ ಇಟ್ಟುಕೊಳ್ಳಿ ಅಂತ. ನನ್ನದು ಈಗಲೂ ಅಮ್ಮನ ಟ್ರಂಕಿನಲ್ಲಿ ಇದೆ. ಸಾಲಾಗಿ ಇಳಿದಿರುವ ಆ ಬಿಗಳನ್ನು ನೋಡಿದರೆ ಇವತ್ತಿಗೂ ಹೊಟ್ಟೆ ಒಳಗೆ ಏನೋ ಆಗುತ್ತದೆ.

ಇಷ್ಟು ವರ್ಷ ನಾನು ಅಂದುಕೊಂಡಿದ್ದು, ಆ ಪ್ರಶ್ನೆ ಕಷ್ಟ ಇತ್ತು, ಅದಕ್ಕೆ ಹಾಗಾಯಿತು ಅಂತ. ಪುಟ್ಟಿಯ ಜೊತೆ ಕೂತು ನೋಡಿದಾಗ ಅನ್ನಿಸಿತು, ಅದಲ್ಲ. ನಿಜವಾಗಿ ಕಷ್ಟದ ಪ್ರಶ್ನೆಗಳು ಆ ಪೇಪರಿನಲ್ಲಿ ಬೇರೆ ಇದ್ದವು. ಅವನ್ನು ಓದಿದ ಕೂಡಲೇ ಇದು ನನ್ನಿಂದ ಆಗಲ್ಲ ಅಂತ ಬಿಟ್ಟು ಮುಂದೆ ಹೋಗಿದ್ದೆ, ಇಪ್ಪತ್ತು ಸೆಕೆಂಡೂ ಹಾಳಾಗಲಿಲ್ಲ. ನನ್ನ ಹೊತ್ತು ತಿಂದಿದ್ದು ಗೊತ್ತಿದ್ದ ಪ್ರಶ್ನೆ. ಪೂರ್ತಿ ಗೊತ್ತಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು, ಗೊತ್ತೇ ಇಲ್ಲದಿದ್ದರೆ ಬಿಡುತ್ತಿದ್ದೆ. ಮುಕ್ಕಾಲು ಗೊತ್ತಿತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಪುಟ್ಟಿಯ ಪೇಪರ್ ತೆಗೆದು ರಫ್ ವರ್ಕ್ ನೋಡಿದರೆ ಅಲ್ಲೂ ಅದೇ. ನಾಲ್ಕು ಪ್ರಶ್ನೆಗಳ ಸುತ್ತ ಮಾತ್ರ ಗೀಚಿ ಗೀಚಿ ಕಪ್ಪಾಗಿತ್ತು. ನಾಲ್ಕೂ ಅವಳು ಮೊದಲೇ ಮಾಡಿದ್ದ ಲೆಕ್ಕಗಳೇ.

ಇದೇ ಮಾತು 2024ರ ಸಿಇಟಿಗೆ ಬೇರೆ ರೀತಿಯಲ್ಲಿ ಹೊಂದುತ್ತದೆ. ಆ ವರ್ಷ ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದವು ಅಂತ ದೊಡ್ಡ ಗಲಾಟೆ ಆಯಿತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಮಾರ್ಕ್ಸ್ ಲೆಕ್ಕಕ್ಕೆ ಅದು ನ್ಯಾಯ. ಆದರೆ ನಾನು ಆಗ ಯೋಚಿಸಿದ್ದು ಆ ಪ್ರಶ್ನೆಗಳ ಮೇಲೆ ಕೂತ ಮಕ್ಕಳ ಬಗ್ಗೆ. ಸಿಲಬಸ್‌ನಿಂದ ತೆಗೆದ ಪಾಠವನ್ನು ಎಷ್ಟೋ ಕಾಲೇಜುಗಳಲ್ಲಿ ಒಂಚೂರು ಹೇಳಿರುತ್ತಾರೆ, ಹಳೇ ಪುಸ್ತಕದಲ್ಲಿ ಓದಿರುತ್ತಾರೆ. ಅರ್ಧ ಗೊತ್ತು. ಪ್ರಶ್ನೆ ಕೈಬಿಡಬಹುದು, ಅದಕ್ಕೆ ಸುರಿದ ನಿಮಿಷಗಳನ್ನು ಯಾರು ವಾಪಸ್ ಕೊಡುತ್ತಾರೆ? ನೋಡಿದ ತಕ್ಷಣ ಬಿಟ್ಟು ಹೋದ ಮಗುವಿಗೆ ಏನೂ ನಷ್ಟ ಆಗಲಿಲ್ಲ. ಕೂತು ಕಷ್ಟಪಟ್ಟ ಮಗುವಿಗೆ ನಷ್ಟ ಆಯಿತು.

ಬಿಡಿಸಬೇಡಿ, ಆರಿಸಿ

ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಮ್ಮ ಫಿಸಿಕ್ಸ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಕಾಲೇಜಿನಲ್ಲೇ ಹತ್ತು ಹದಿನೈದು ದಿನ ಸಿಇಟಿ ಕ್ಲಾಸ್ ಮಾಡಿದರು, ಒಂದು ರೂಪಾಯಿ ತೆಗೆದುಕೊಳ್ಳದೆ. ಪೇಟೆಯ ಕೋಚಿಂಗ್‌ಗೆ ಹೋಗಲು ದುಡ್ಡಿಲ್ಲದ ಇಪ್ಪತ್ತು ಇಪ್ಪತ್ತೈದು ಮಕ್ಕಳು ಬರುತ್ತಿದ್ದೆವು. ಒಂದು ದಿನ ಮನೆಯಿಂದ ಕೀಲಿ ಕೊಡುವ ಅಲಾರಂ ಗಡಿಯಾರ ತಂದು ಮೇಜಿನ ಮೇಲೆ ಇಟ್ಟರು. ಎಲ್ಲರಿಗೂ ಹಳೇ ಪೇಪರಿನ ಜೆರಾಕ್ಸ್ ಹಂಚಿದರು. ಪೆನ್ ತೆಗೆದು ಶುರು ಮಾಡಿದ ಹುಡುಗನ ಕೈ ಹಿಡಿದು "ಬಿಡಿಸಬೇಡಿ ಕಣ್ರೋ, ಬರೀ ಆರಿಸಿ" ಅಂದರು.

ಅವರ ಲೆಕ್ಕ ಹೀಗೆ. 60 ಪ್ರಶ್ನೆಯನ್ನೂ ಓದಿ. ಓದುತ್ತಿದ್ದ ಹಾಗೇ ದಾರಿ ಕೊನೆತನಕ ಕಂಡರೆ ಪಕ್ಕದಲ್ಲಿ ಒಂದು ಚುಕ್ಕೆ. ಏನೂ ಕಾಣದಿದ್ದರೆ ಅಡ್ಡಗೆರೆ. ದಾರಿ ಅರ್ಧ ಕಂಡು ಮುಂದೆ ಮಸುಕಾಗಿದ್ದರೆ ಸೊನ್ನೆ. ಒಂದು ಲೆಕ್ಕವನ್ನೂ ಮಾಡುವಂತಿಲ್ಲ. ಹತ್ತು ಹನ್ನೆರಡು ನಿಮಿಷಕ್ಕೆ ಅಲಾರಂ ಹೊಡೆಯಿತು. ಆಮೇಲೆ ಒಬ್ಬೊಬ್ಬರ ಪೇಪರ್ ನೋಡುತ್ತ ಬಂದರು. ಚುಕ್ಕೆ, ಅಡ್ಡಗೆರೆ ಯಾವುದನ್ನೂ ಅವರು ನೋಡಲೇ ಇಲ್ಲ. ಸೊನ್ನೆ ಹಾಕಿದ ಪ್ರಶ್ನೆಗಳನ್ನು ಮಾತ್ರ ಬೆರಳಿಟ್ಟು ಎಣಿಸಿದರು. ನನ್ನದರಲ್ಲಿ 19 ಇತ್ತು. "ಇವೇ ನೋಡಮ್ಮ ನಿನ್ನ ಹೊತ್ತು ತಿನ್ನೋವು. ಇವುಕ್ಕೆ ಕೊನೇಲಿ ಬಾ. ಮೊದಲು ಬಂದ್ರೆ ಇವು ನಿನ್ನ ಬಿಡಲ್ಲ" ಅಂದರು.

ನನಗೆ ಆಗ ಅದು ಹೊತ್ತು ಹಾಳು ಅನ್ನಿಸಿತ್ತು. ಪರೀಕ್ಷೆಗೆ ಇನ್ನು ಎಂಟು ದಿನ ಇದೆ, ಲೆಕ್ಕ ಮಾಡಿಸುವ ಬದಲು ಸೊನ್ನೆ ಹಾಕಿಸುತ್ತಿದ್ದಾರಲ್ಲ ಅಂತ ಒಳಗೊಳಗೇ ಸಿಟ್ಟು. ಅದಕ್ಕೆ ಕಾರಣವೂ ಇದೆ. ಹನ್ನೆರಡು ವರ್ಷ ನಾವು ಕಲಿತಿದ್ದು ಬಿಡಬೇಡ ಅಂತಲೇ. ಬೋರ್ಡ್ ಪರೀಕ್ಷೆಯಲ್ಲಿ ಉತ್ತರ ಬರದಿದ್ದರೂ ಸ್ಟೆಪ್ ಬರೆ, ಫಾರ್ಮುಲಾ ಬರೆ, ಚಿತ್ರ ಬರೆ, ಎರಡು ಮಾರ್ಕ್ಸ್ ಆದರೂ ಸಿಗುತ್ತದೆ. ಅಲ್ಲಿ ಮುಕ್ಕಾಲು ಗೊತ್ತಿದ್ದರೆ ಮುಕ್ಕಾಲು ಮಾರ್ಕ್ಸ್. ಸಿಇಟಿಯಲ್ಲಿ ಮುಕ್ಕಾಲು ಗೊತ್ತಿದ್ದರೆ ಸಿಗುವುದು ಸೊನ್ನೆ. ಮಾರ್ಚ್‌ನಲ್ಲಿ ಬಿಡಬೇಡ ಅನ್ನುವ ಪರೀಕ್ಷೆ, ಏಪ್ರಿಲ್‌ನಲ್ಲಿ ಬಿಡು ಅನ್ನುವ ಪರೀಕ್ಷೆ. ಇಂಜಿನಿಯರಿಂಗ್ ರ್‍ಯಾಂಕಿಗೆ ಎರಡನ್ನೂ ಅರ್ಧರ್ಧ ಸೇರಿಸುತ್ತಾರೆ. ಒಂದೇ ಮಗು, ಒಂದೇ ತಲೆ, ನಡುವೆ ಕೆಲವೇ ವಾರ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವವರು ಬೇಕು. ಮೇಷ್ಟ್ರು ಹೇಳಿದರು, ಆದರೆ ಒಂದೇ ದಿನದಲ್ಲಿ ಮೈಗೆ ಹತ್ತುವ ವಿಷಯ ಅಲ್ಲ ಅದು.

ಅದಕ್ಕೇ ಪುಟ್ಟಿಗೆ ಜನವರಿಯಿಂದಲೇ ಶುರು ಮಾಡಿಸಿದೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿ ಎದುರು ಕೂರಿಸಿಕೊಳ್ಳುತ್ತಿದ್ದೆ. ಎರಡು ವಾರ ಬರೀ ಆರಿಸುವುದು. ಆಮೇಲೆ ಚುಕ್ಕೆ ಮಾತ್ರ ಮಾಡುವುದು, ಸೊನ್ನೆ ಮುಟ್ಟಿದರೆ ಆ ಪೇಪರ್ ಅಲ್ಲಿಗೇ ನಿಲ್ಲಿಸುವುದು. ಅವಳಿಗೆ ತುಂಬ ಹಿಂಸೆ ಆಯಿತು. "ಚಿಕ್ಕಿ, ಇದು ನಂಗೆ ಬರುತ್ತೆ, ಒಂದೇ ನಿಮಿಷ" ಅನ್ನುತ್ತಿದ್ದಳು. ಆ 'ಒಂದೇ ನಿಮಿಷ' ಕೇಳಿದಾಗೆಲ್ಲ ನನಗೆ ನನ್ನ ರಫ್ ವರ್ಕ್‌ನ ಅಂಚು ಕಣ್ಣ ಮುಂದೆ ಬರುತ್ತಿತ್ತು. ಮಾರ್ಚ್ ಹೊತ್ತಿಗೆ ಒಂದು ಪದ್ಧತಿ ಕೂಡಿ ಬಂತು. ಪ್ರತ್ಯೇಕವಾಗಿ ಆರಿಸುವ ಸುತ್ತು ಬೇಡ, ಮೊದಲ ಸುತ್ತಿನಲ್ಲೇ ಓದುತ್ತ ಚುಕ್ಕೆಯವನ್ನು ಮಾಡಿ ಸೊನ್ನೆಯವಕ್ಕೆ ಗುರುತು ಹಾಕಿ ಮುಂದೆ ಹೋಗುವುದು. ಗೋಲಗಳನ್ನು ಒಂದೊಂದಾಗಿ ಅಲ್ಲ, ಎಲ್ಲ ಕೊನೆಗೆ ಅಂತಲೂ ಅಲ್ಲ, ಪುಟ ಮುಗಿದಾಗ ಆ ಪುಟದ್ದು. ಸಾಲು ತಪ್ಪುವುದಕ್ಕೆ ಇದೇ ಮದ್ದು ಅಂತ ನನ್ನ ನಂಬಿಕೆ, ಯಾಕೆಂದರೆ ಪುಟದ ಕೊನೇ ಪ್ರಶ್ನೆಯ ನಂಬರ್ ನೋಡಿದರೆ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ.

ನೀಟ್‌ಗೆ ಇದನ್ನು ಸ್ವಲ್ಪ ಬದಲಾಯಿಸಬೇಕಾಯಿತು. ಅಲ್ಲಿ ಸರಿ ಇದ್ದರೆ ನಾಲ್ಕು, ತಪ್ಪಾದರೆ ಮೈನಸ್ ಒಂದು. ಕೊನೇ ನಾಲ್ಕು ನಿಮಿಷದಲ್ಲಿ ಎಲ್ಲಕ್ಕೂ ಬಿ ತುಂಬುವ ಆಟ ಅಲ್ಲಿ ನಡೆಯುವುದಿಲ್ಲ. ಬಿಟ್ಟಿದ್ದು ಬಿಟ್ಟೇ ಇರಬೇಕು. ಜೊತೆಗೆ 2025ಕ್ಕೆ ನೀಟ್ ಮತ್ತೆ 180 ಪ್ರಶ್ನೆ, 180 ನಿಮಿಷ ಆಯಿತು, ಹಿಂದಿನ ಕೆಲವು ವರ್ಷ ಇದ್ದ ಆಯ್ಕೆಯ ಪ್ರಶ್ನೆಗಳೂ ಇಲ್ಲ, ಹೆಚ್ಚಿನ 20 ನಿಮಿಷವೂ ಇಲ್ಲ. ಬಯಾಲಜಿಯ 90 ಪ್ರಶ್ನೆಯನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದರೆ ಮಾತ್ರ ಫಿಸಿಕ್ಸ್‌ಗೆ ಉಸಿರಾಡಲು ಜಾಗ ಸಿಗುತ್ತದೆ.

ಇನ್ನೊಂದು ವಿಷಯ, ದಿನದ ಯಾವ ಹೊತ್ತು ಅನ್ನುವುದು. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5, ಮೇ ತಿಂಗಳ ಬಿಸಿಲಿನಲ್ಲಿ. ಪುಟ್ಟಿ ರಾತ್ರಿ ಎರಡು ಗಂಟೆವರೆಗೆ ಓದಿ, ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆಯುವ ಹುಡುಗಿ. ಅಂದರೆ ಪರೀಕ್ಷೆ ಬರೆಯಬೇಕಾದ ಹೊತ್ತಿಗೆ ಸರಿಯಾಗಿ ಅವಳ ಮೈ ಮಲಗಲು ಕೇಳುತ್ತಿತ್ತು. ಅಕ್ಕ ಇದನ್ನು ನನಗಿಂತ ಮೊದಲೇ ಗಮನಿಸಿದ್ದಳು. ಭಾನುವಾರ ಹನ್ನೆರಡಕ್ಕೇ ಊಟ, ಮುದ್ದೆ ಬದಲು ಮೊಸರನ್ನ, ಎರಡಕ್ಕೆ ಪೇಪರ್ ಶುರು. ಮೊದಲೆರಡು ವಾರ ಮೂರು ಗಂಟೆ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಆಮೇಲೆ ನಿಂತಿತು.

26 ದಿನ

ನಿಮಿಷಗಳ ಲೆಕ್ಕ ಒಂದು ಕಡೆ, ದಿನಗಳ ಲೆಕ್ಕ ಇನ್ನೊಂದು ಕಡೆ. 2025ರಲ್ಲಿ ಪಿಯುಸಿ ಪರೀಕ್ಷೆ ಮಾರ್ಚ್ 1ರಿಂದ 20. ಸಿಇಟಿ ಏಪ್ರಿಲ್ 16 ಮತ್ತು 17. ನಡುವೆ 26 ದಿನ. ಜೆಇಇ ಮೇನ್ ಬರೆಯುವವರಿಗೆ ಅದರ ಎರಡನೇ ಸರದಿ ಏಪ್ರಿಲ್ ಮೊದಲಲ್ಲೇ ನುಗ್ಗುತ್ತದೆ. ಮೇ 4ಕ್ಕೆ ನೀಟ್, 10ಕ್ಕೆ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ. ಅಕ್ಕ ಇದನ್ನೆಲ್ಲ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ ಅಡುಗೆಮನೆ ಗೋಡೆಗೆ ಹಾಕಿದ್ದಳು.

ಆ 26 ದಿನದಲ್ಲಿ ಪುಟ್ಟಿ ಏನು ಮಾಡಬೇಕು ಅಂತ ನಮ್ಮಿಬ್ಬರಿಗೂ ಒಂದು ಸಣ್ಣ ಜಗಳ ಆಯಿತು. ಮೊದಲನೇ ಪಿಯುಸಿಯ ರೊಟೇಶನಲ್ ಮೋಷನ್ ಅವಳಿಗೆ ಎರಡು ವರ್ಷದಿಂದ ಅರ್ಧಕ್ಕೆ ನಿಂತ ಪಾಠ. ಪ್ರತಿ ರಜೆಯಲ್ಲೂ ಅದನ್ನೇ ಹಿಡಿಯುತ್ತಾಳೆ, ಪ್ರತಿ ಸಲ ನಾಲ್ಕು ದಿನ ಹೋಗುತ್ತದೆ, ಇನ್ನೇನು ಮುಗೀತು ಅನ್ನುವಾಗ ಮೊಮೆಂಟ್ ಆಫ್ ಇನರ್ಷಿಯಾದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಸಲವೂ ಮೊದಲು ಅದನ್ನೇ ಮುಗಿಸುತ್ತೇನೆ ಅಂದಳು. ನಾನು ಬೇಡ ಅಂದೆ. ಆ ಪಾಠದಿಂದ ಬರುವುದು ಬೆರಳೆಣಿಕೆಯ ಪ್ರಶ್ನೆ. ಅಷ್ಟೇ ದಿನ ಕೊಟ್ಟರೆ ಅವಳಿಗೆ ಚೆನ್ನಾಗಿ ಬರುವ ಸೆಮಿಕಂಡಕ್ಟರ್, ಡ್ಯುಯಲ್ ನೇಚರ್, ನ್ಯೂಕ್ಲಿಯೈ ಮೂರನ್ನೂ ಗಟ್ಟಿ ಮಾಡಿಕೊಳ್ಳಬಹುದು. ಅವಳು ಅತ್ತಳು. ಎರಡು ದಿನ ಫೋನ್ ತೆಗೆಯಲಿಲ್ಲ. ಎರಡು ವರ್ಷ ಕಷ್ಟಪಟ್ಟ ಪಾಠವನ್ನು ಬಿಡು ಅಂತ ಯಾರಾದರೂ ಹೇಳಿದರೆ ಅಳು ಬರುವುದು ಸಹಜ, ಅದು ನನಗೆ ಅರ್ಥ ಆಗುತ್ತದೆ. ಮೂರನೇ ದಿನ ಅವಳೇ ಫೋನ್ ಮಾಡಿ "ಫಾರ್ಮುಲಾ ಮಾತ್ರ ನೋಡ್ಕೊಂಡು ಬಿಟ್ಬಿಡ್ತೀನಿ ಚಿಕ್ಕಿ" ಅಂದಳು.

ವರ್ಷಗಳ ಲೆಕ್ಕವೂ ಇದೆ, ಲಾಂಗ್ ಟರ್ಮ್ ಅಂತ ಒಂದು ವರ್ಷ ಕೂತು ಮತ್ತೆ ನೀಟ್ ಬರೆಯುವುದು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಜೊತೆ ಓದಿದವರಲ್ಲೇ ಹಾಗೆ ಕೂತು ಡಾಕ್ಟರ್ ಆದವರಿದ್ದಾರೆ. ಆದರೆ ಒಂದು ಸಲ ಕೂತವರು ಎರಡನೇ ಸಲ, ಮೂರನೇ ಸಲ ಕೂರುವಾಗ ಮನೆಯವರು ಒಂದು ಕೆಲಸ ಮಾಡಬೇಕು. ಹಳೇ ಪೇಪರ್ ಮುಂದಿಟ್ಟುಕೊಂಡು, ಟೈಮರ್ ಇಲ್ಲದೆ ಮಾಡಿಸಿ ನೋಡಬೇಕು. ಟೈಮರ್ ಇಲ್ಲದೆ ಮಾಡಿದಾಗ ಮಾರ್ಕ್ಸ್ ಒಮ್ಮೆಲೇ ಏರಿದರೆ ಆ ಮಗುವಿಗೆ ಪಾಠ ಕಡಿಮೆ ಆಗಿಲ್ಲ. ಇನ್ನೊಂದು ವರ್ಷ ಅದೇ ಪಾಠ ಕೇಳಿಸಿದರೆ ಏನು ಬಂತು? ಆ ಮಗುವಿಗೆ ಬೇಕಾಗಿರುವುದು ಬೇರೆ. ಹಾಗೆ ನೋಡದೆ, ಲಕ್ಷಗಟ್ಟಲೆ ಫೀಸ್ ಕಟ್ಟಿ ಹಾಸ್ಟೆಲಿನಲ್ಲಿ ಬಿಟ್ಟು ಬರುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಏಪ್ರಿಲ್ 17ಕ್ಕೆ ನಾನು ರಜೆ ಹಾಕಿ ಪುಟ್ಟಿಯ ಜೊತೆ ಸೆಂಟರಿಗೆ ಹೋಗಿದ್ದೆ. ಗೇಟಿನ ಹೊರಗೆ ಅಪ್ಪ ಅಮ್ಮಂದಿರು ಕೊಡೆ ಹಿಡಿದು, ನೀರಿನ ಬಾಟಲ್ ಹಿಡಿದು ನಿಂತಿದ್ದರು. ಒಳಗೆ ಬೆಲ್ ಹೊಡೆದಾಗಲೆಲ್ಲ ಎಲ್ಲರೂ ಒಟ್ಟಿಗೆ ತಲೆ ಎತ್ತಿ ಕಟ್ಟಡದ ಕಡೆ ನೋಡುತ್ತಿದ್ದರು. ಬೆಳಿಗ್ಗೆ ಮ್ಯಾಥ್ಸ್, ಮಧ್ಯಾಹ್ನ ಬಯಾಲಜಿ ಎರಡೂ ಮುಗಿದು ಅವಳು ಹೊರಗೆ ಬಂದಾಗ ನಾನು ಏನೂ ಕೇಳಲಿಲ್ಲ. ಅಪ್ಪ ನನಗೆ ಮಾಡಿದ ಹಾಗೇ ಕಬ್ಬಿನ ಹಾಲಿನ ಅಂಗಡಿ ಹುಡುಕಿದೆ. ಕುಡಿಯುತ್ತ ಅವಳೇ ಹೇಳಿದಳು, ಮ್ಯಾಥ್ಸ್‌ನಲ್ಲಿ ಒಂದು ಇಂಟಿಗ್ರೇಶನ್ ಪ್ರಶ್ನೆಗೆ ಸೊನ್ನೆ ಹಾಕಿದ್ದಳಂತೆ. ಕೊನೆಗೆ ವಾಪಸ್ ಬಂದಾಗ ಎರಡೇ ನಿಮಿಷ ಇತ್ತು, ಸುಮ್ನೆ ಸಿ ತುಂಬಿದಳಂತೆ. "ಅದು ನಂಗೆ ಬರುತ್ತೆ ಚಿಕ್ಕಿ. ಬಿಟ್ಟು ಬಂದೆ" ಅಂದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಪ್ರಶ್ನೆ ನೆನಪಿತ್ತು, ಬರೆದುಕೊಂಡಳು. ಮುಂದೆ ನೀಟ್ ಇದೆ, ಇದನ್ನು ಬಿಡು ಅಂತ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಬಸ್ ಕುಲುಕಾಟದಲ್ಲಿ ಅಕ್ಷರ ಎಲ್ಲೆಲ್ಲೋ ಹೋಗುತ್ತಿತ್ತು. ಒಂದು ಕಡೆ ಹೊಡೆದು ಹಾಕಿದಳು, ಮತ್ತೆ ಬರೆದಳು. ನಾನು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದೆ. ಕೊನೆಗೆ ಉತ್ತರದ ಸುತ್ತ ಒಂದು ಚೌಕ ಎಳೆದು, ಪೆನ್ನಿನ ಮುಚ್ಚಳ ಹಾಕಿ, "ಎಷ್ಟಾಯ್ತು?" ಅಂದಳು.

"ಹನ್ನೊಂದು ನಿಮಿಷ" ಅಂದೆ.

ನೋಟ್‌ಬುಕ್ ಬ್ಯಾಗಿಗೆ ಹಾಕಿ, ನನ್ನ ಹೆಗಲಿಗೆ ತಲೆ ಒರಗಿಸಿ ನಿದ್ದೆ ಹೋದಳು.